ಲಲಿತಕ್ಕನ ಕಿಟಕಿಯ ವಯರು

ಕಳೆದ ವಾರ ಅಡುಗೆಮನೆಯ ಅಟ್ಟ ಚೊಕ್ಕಟ ಮಾಡಲು ಸ್ಟೂಲು ಹತ್ತಿದವಳಿಗೆ ಹಳೆಯದೊಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಒಂದು ಕಟಿಂಗ್ ಪ್ಲೇಯರ್, ಒಂದು ಟೆಸ್ಟರ್, ಒಣಗಿದ ಕಪ್ಪು ಟೇಪು, ನಾಲ್ಕಾರು ಕೇಬಲ್ ಪಿನ್ನುಗಳು. ಕೆಳಗೆ ನಿಂತಿದ್ದ ಮಗಳು ಡಬ್ಬಿಯನ್ನು ಇಸಿದುಕೊಂಡು, "ಮಮ್ಮಿ, ಯೇ ಸಬ್ ಪಪ್ಪಾ ಕಾ ಹೈ?" ಎಂದಳು. ಡೊಂಬಿವ್ಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಂದಲ್ಲ, ನಂದು" ಎಂದೆ. ಅವಳು ನಕ್ಕುಬಿಟ್ಟಳು. ಮಿಕ್ಸಿ ಕೆಟ್ಟರೂ ಅಂಗಡಿಗೆ ಹೊತ್ತುಕೊಂಡು ಹೋಗುವ ಅಮ್ಮನ ಕೈಯಲ್ಲಿ ಪ್ಲೇಯರ್ ಇತ್ತೆಂದರೆ ಯಾರು ನಂಬುತ್ತಾರೆ? ನಾನೂ ನಂಬಿಸಲು ಹೋಗಲಿಲ್ಲ. ನಂಬಿದರೆ ಮುಂದಿನ ಪ್ರಶ್ನೆ, ಯಾಕೆ ಬಿಟ್ಟೆ ಅಂತ ಬರುತ್ತದೆ.

ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವಾದರೆ ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ಎದುರು ಸಿಗುವವರಲ್ಲ.

ಮದುವೆಗೆ ಮೊದಲು ನಾನು ಐಟಿಐಯಲ್ಲಿ ರೇಡಿಯೋ ಟಿವಿ ಕೋರ್ಸು ಮಾಡಿದ್ದೆ. ಇಪ್ಪತ್ತೆರಡು ಹುಡುಗರ ನಡುವೆ ಎರಡು ಜಡೆ. ಹೊಲಿಗೆ ಕ್ಲಾಸಿಗೆ ಹೋಗು ಎಂದು ಅಪ್ಪ ಕೊಟ್ಟ ಫಾರ್ಮನ್ನು ಬಿಟ್ಟು ಇದನ್ನು ತುಂಬಿದ್ದಕ್ಕೆ ಕಾರಣ, ನಮ್ಮೂರಿನ ಟಿವಿ. ನಮ್ಮದು ಕುಂದಾಪುರದ ಹತ್ತಿರ, ಕಡಲಿಗೆ ತಾಗಿದ ಊರು. ಊರಿಗೊಂದೇ ಟಿವಿ, ಮೀನಿನ ಬಲೆಯ ಅಂಗಡಿಯವರ ಮನೆಯಲ್ಲಿ. ಸೆಕೆಗಾಲದ ಸಂಜೆಗಳಲ್ಲಿ ಅದರಲ್ಲೊಂದು ವಿಚಿತ್ರ ನಡೆಯುತ್ತಿತ್ತು. ಕೃಷಿ ಕಾರ್ಯಕ್ರಮದಲ್ಲಿ ಯಾರೋ ಗೊಬ್ಬರದ ಬಗ್ಗೆ ಮಾತಾಡುತ್ತಿರುವಾಗ ಅವರ ಮುಖದ ಮೇಲೆ ಮಸುಕಾಗಿ, ಉದ್ದ ಬಿಳಿ ಅಂಗಿ ತೊಟ್ಟ, ತಲೆಗೆ ಬಟ್ಟೆ ಹೊದ್ದ ಇನ್ನೊಬ್ಬ ಮನುಷ್ಯ ಬಂದು ಕೂರುತ್ತಿದ್ದ. ಕಡಲಿನಾಚೆಯ ದೇಶದ ಟಿವಿ, ಬಿಸಿಗಾಳಿಯ ಮೇಲೆ ಜಾರಿಕೊಂಡು ಬರುತ್ತದೆ ಎಂದು ಮಾಸ್ತರರೊಬ್ಬರು ಹೇಳಿದರು. ಬಲೆ ಅಂಗಡಿಯ ಅಜ್ಜಿ ಮಾತ್ರ ಅದನ್ನು ಒಪ್ಪದೆ ಟಿವಿಗೆ ಕುಂಕುಮ ಹಚ್ಚಿದ್ದರು. ನಾನು ಮಾಸ್ತರರ ಕಡೆ ಸೇರಿದೆ. ನೆರಳಿಗೂ ಒಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬುದು ಆ ವಯಸ್ಸಿಗೆ ಎಷ್ಟು ದೊಡ್ಡ ಸುಖ!

ಮದುವೆಯಾಗಿ ಡೊಂಬಿವ್ಲಿಗೆ ಬಂದ ಮೇಲೆ ಠಾಣೆಯಲ್ಲಿ ಟಿವಿ ಜೋಡಿಸುವ ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ಕೆಲಸ ಮಾಡಿದೆ. ಇವರು ಮಾಜಿವಾಡಾದ ಹೋಟೆಲೊಂದರಲ್ಲಿ ಮ್ಯಾನೇಜರು; ಬೆಳಿಗ್ಗೆ ಇಬ್ಬರೂ ಒಂದೇ ಲೋಕಲ್ ಹಿಡಿಯುತ್ತಿದ್ದೆವು. ಆಮೇಲೆ ಕಾರ್ಖಾನೆ ಮುಚ್ಚಿತು, ಮಗಳು ಹುಟ್ಟಿದಳು, ನಾನು ಮನೆಯಲ್ಲಿ ಕೂತೆ. ಕೂತರೂ ಕೈ ಸುಮ್ಮನಿರಲಿಲ್ಲ. ನಾಲ್ಕು ಮಹಡಿ, ಹದಿನಾರು ಮನೆಗಳ ನಮ್ಮ ಬಿಲ್ಡಿಂಗಿನಲ್ಲಿ ಯಾರ ಟಿವಿ ಕೆಮ್ಮಿದರೂ ನನಗೆ ಕರೆ. ಸೊಸೈಟಿಯ ಸೆಕ್ರೆಟರಿ ಜೋಶಿಯವರು ನನಗೆ ಟಿವಿ ಡಾಕ್ಟರ್ ಎಂದು ಹೆಸರಿಟ್ಟರು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಯಾರಾದರೂ ಬರೀ ಶಕುಂತಲಾ ಅಂದರೆ ಏನೋ ಕಡಿಮೆ ಹೇಳಿದಂತೆ ಅನಿಸತೊಡಗಿತು.

ಪಕ್ಕದ ಮನೆ ಲಲಿತಕ್ಕನದು. ಬ್ರಹ್ಮಾವರದ ಕಡೆಯವರು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಗಂಡ ಕಲ್ಯಾಣದ ಹೋಟೆಲಿನಲ್ಲಿ ಭಟ್ಟರಾಗಿದ್ದು ತೀರಿಕೊಂಡಿದ್ದರು. ಮಗಳು ಮದುವೆಯಾಗಿ ಘಣಸೋಲಿಯಲ್ಲಿ. ಹೊಸ ಹೆಂಡತಿಯಾಗಿ ಬಂದ ನನಗೆ ಲೇಡೀಸ್ ಡಬ್ಬಿ ಪ್ಲಾಟ್‌ಫಾರ್ಮಿನ ಯಾವ ತುದಿಗೆ ಬರುತ್ತದೆ, ಹಾಲಿನವನ ಹತ್ತಿರ ಮರಾಠಿಯಲ್ಲಿ ಹೇಗೆ ಜಗಳ ಆಡಬೇಕು ಎಂದೆಲ್ಲ ಕಲಿಸಿದವರು ಅವರೇ. ಬಾಣಂತನದಲ್ಲಿ ಊರಿನಿಂದ ಅಮ್ಮ ಬರಲಾಗದೆ ಹೋದಾಗ ನಲವತ್ತು ದಿನ ನನ್ನ ತಲೆಗೆ ಎಣ್ಣೆ ತಟ್ಟಿದ ಕೈ ಅವರದು. ನಸುಕಿನಲ್ಲಿ ಎದ್ದು ಚಾ ಇಟ್ಟು ರೇಡಿಯೋ ಹಾಕುತ್ತಿದ್ದರು. ಸೂರ್ಯ ಹುಟ್ಟುವ ಮುಂಚಿನ ಅರ್ಧ ಗಂಟೆ ಮಂಗಳೂರಿನ ಸ್ಟೇಷನ್ನು ಗರಗರ ಎನ್ನುತ್ತ ಸಿಗುತ್ತಿತ್ತು. ಗೋಡೆಯ ಈಚೆಗೆ ನನಗೂ ಕೇಳಿಸುತ್ತಿತ್ತು. ಅದು ನನ್ನ ಅಲಾರಾಂ.

ಮಗಳಿಗೆ ಎರಡು ವರ್ಷವಿದ್ದಾಗ ಶುರುವಾಯಿತು ಆ ನೆರಳು. ಕೇಬಲ್ ಟಿವಿಯ ಕಾಲ. ಸೆಟ್ ಟಾಪ್ ಬಾಕ್ಸ್ ಇನ್ನೂ ಬಂದಿರಲಿಲ್ಲ. ಒಂದು ಸಂಜೆ ಸುದ್ದಿ ಓದುವ ಹೆಂಗಸಿಗೆ ಎರಡು ಮೂಗು, ಎರಡು ಬಿಂದಿ. ಪ್ರತಿ ಗೆರೆಯ ಪಕ್ಕಕ್ಕೂ ನೂಲಿನಷ್ಟು ದೂರದಲ್ಲಿ ಇನ್ನೊಂದು ಮಸುಕು ಗೆರೆ. ಕನ್ನಡ ಚಾನೆಲ್ಲಿನಲ್ಲಂತೂ ಓರೆ ಪಟ್ಟೆಗಳು ಬೇರೆ. ಲಲಿತಕ್ಕ ನೋಡಿ, "ಇದಕ್ಕೊಂದು ಕೋಲ ಕೊಡ್ಸಬೇಕು ಮಾರಾಯ್ತಿ, ಭೂತ ಬಂದಿದೆ" ಎಂದು ನಕ್ಕರು. ಮರುದಿನ ಬೆಳಿಗ್ಗೆ ಜೋಶಿಯವರ ಹೆಂಡತಿ, ನಾವೆಲ್ಲ ಜೋಶಿಕಾಕು ಎನ್ನುತ್ತಿದ್ದೆವು, ಮೊದಲ ಮಹಡಿಯಿಂದ ಹತ್ತಿ ಬಂದು, "ಡಾಕ್ಟರ್, ಆಮಚಾ ಟೀವ್ಹೀ ಬಘಾ ನಾ," ನಮ್ಮ ಟಿವಿ ಸ್ವಲ್ಪ ನೋಡಿ ಎಂದರು.

ನೋಡಿದೆ. ಮನೆಮನೆಗೆ ಹೋಗಿ ನೋಡಿದೆ. ಆಂಪ್ಲಿಫೈಯರಿನ ಡಬ್ಬಿ ಟೆರೇಸಿನ ಮೇಲಿತ್ತು. ಅಲ್ಲಿಂದ ಒಂದೇ ವಯರು ಹಿಂಬದಿಯ ಗೋಡೆಗುಂಟ ಇಳಿಯುತ್ತ ಮಹಡಿ ಮಹಡಿಗೆ ಹಂಚಿಕೊಂಡು ಹೋಗುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಚಿತ್ರ ಶುದ್ಧ. ಮೂರನೇ ಮಹಡಿಯಿಂದ ಕೆಳಗೆ ಎಲ್ಲರಿಗೂ ನೆರಳು. ಅಂದರೆ ತೊಂದರೆ ಮೂರನೇ ಮಹಡಿಯಲ್ಲೇ. ಆ ವಯರು ಹಾದುಹೋಗುವ ಕಿಟಕಿಗಳು ಮೂರನೇ ಮಹಡಿಯಲ್ಲಿ ಎರಡೇ: ಒಂದು ನನ್ನದು, ಒಂದು ಲಲಿತಕ್ಕನದು.

ನನ್ನ ಕಿಟಕಿಯ ಹತ್ತಿರ ನಾನೇ ಹಾಕಿಕೊಂಡ ಒಂದು ಜಾಯಿಂಟ್ ಇತ್ತು. ಕಾರ್ಖಾನೆ ಮುಚ್ಚುವಾಗ ಕೆಲಸದವರಿಗೆ ಕೊಟ್ಟ ಪುಟ್ಟ ಟಿವಿಯನ್ನು ಅಡುಗೆಮನೆಯಲ್ಲಿಟ್ಟು, ಚಪಾತಿ ಲಟ್ಟಿಸುತ್ತ ಧಾರಾವಾಹಿ ನೋಡಲೆಂದು ಕೇಬಲಿನವರಿಗೆ ಹೇಳದೆ ಎಳೆದುಕೊಂಡದ್ದು. ಆದರೆ ಅದು ಡಾಕ್ಟರ ಕೈಯ ಜಾಯಿಂಟ್. ಅದರಲ್ಲಿ ತಪ್ಪಿರಲು ಸಾಧ್ಯವೇ? ಹಾಗಾಗಿ ಉಳಿದದ್ದು ಒಂದೇ ಕಿಟಕಿ. ಅಡುಗೆಮನೆಯ ಕಿಟಕಿಯಿಂದ ಬಗ್ಗಿ ನೋಡಿದರೆ ಲಲಿತಕ್ಕನ ಕಿಟಕಿಯಿಂದ ಕಪ್ಪು ವಯರೊಂದು ಹೊರಟು ನೇರ ಟೆರೇಸಿಗೆ ಏರಿತ್ತು. ನನಗೆ ಅಷ್ಟು ಸಾಕಾಯಿತು.

ಮೆಟ್ಟಿಲ ಮೇಲೆ ಜೋಶಿ ದಂಪತಿ, ಎರಡನೇ ಮಹಡಿಯ ಇಬ್ಬರು ಹೆಂಗಸರು, ಕೇಬಲಿನ ಲೈನ್‌ಮನ್ ಪಾಂಡುರಂಗ ನಿಂತಿದ್ದರು. ಪಾಂಡುರಂಗ ಐವತ್ತು ದಾಟಿದ, ಟಿಟ್ವಾಳಾದಿಂದ ಬರುತ್ತಿದ್ದ ಕಡಿಮೆ ಮಾತಿನ ಮನುಷ್ಯ. ನಾನು ಅವರೆಲ್ಲರೆದುರು, "ಯಾರೋ ಡೈರೆಕ್ಟ್ ಆಂಪ್ಲಿಫೈಯರಿನಿಂದ ಎಳೆದುಕೊಂಡಿದ್ದಾರೆ. ಅದಕ್ಕೇ ಎಲ್ಲರ ಸಿಗ್ನಲ್ ಹಾಳು" ಎಂದು ಹಿಂದಿಯಲ್ಲಿ ಹೇಳಿದೆ. ಹೆಸರು ಹೇಳಲಿಲ್ಲ. ಲಲಿತಕ್ಕನ ಬಾಗಿಲ ಕಡೆ ನೋಡಿದೆ, ಅಷ್ಟೆ. ಆ ಬಾಗಿಲಿಗೆ ಬೀಗ ಇತ್ತು. ಅವರು ಮಗಳ ಜೊತೆ ಟಿಟ್ವಾಳಾದ ಗಣಪತಿಗೆ ಹೋಗಿದ್ದರು.

ಎಲ್ಲರೂ ಟೆರೇಸಿಗೆ ಹತ್ತಿದೆವು. ವಯರು ಆಂಪ್ಲಿಫೈಯರಿನ ಡಬ್ಬಿಯ ಪಕ್ಕದಲ್ಲೇ ಹಾದು, ನೀರಿನ ಟಾಂಕಿಯ ಹಿಂದೆ ಎಲ್ಲೋ ಮರೆಯಾಗಿತ್ತು. ಪಾಂಡುರಂಗ ಕೈಹಾಕಲು ಹಿಂಜರಿದ. "ಘರಾತ್ ಕೋಣೀ ನಾಹೀ. ಆಜೀನಾ ವಿಚಾರೂಯಾ ನಾ ಆಧೀ," ಮನೆಯಲ್ಲಿ ಯಾರಿಲ್ಲ, ಮೊದಲು ಅಜ್ಜಿಯನ್ನು ಕೇಳೋಣ ಎಂದ.

"ಕೇಳಿದರೆ ಯಾರಾದರೂ ಒಪ್ಪಿಕೊಳ್ಳುತ್ತಾರಾ?" ಎಂದೆ. ನನ್ನದೇ ಪ್ಲೇಯರ್ ತೆಗೆದು ಕತ್ತರಿಸಿದೆ.

ಇಲ್ಲಿಯವರೆಗಿನದು ತಪ್ಪು ತಿಳಿವಳಿಕೆ ಎಂದು ಯಾರಾದರೂ ನನ್ನನ್ನು ಕ್ಷಮಿಸಬಹುದು. ಇನ್ನು ಮುಂದಿನದಕ್ಕೆ ಕ್ಷಮೆ ಕೇಳುವ ಧೈರ್ಯ ನನಗೇ ಇಲ್ಲ. ಕತ್ತರಿಸಿದ ತುದಿ ನನ್ನ ಕೈಯಲ್ಲಿತ್ತು. ಕೇಬಲ್ ಟಿವಿಯ ವಯರಾದರೆ ನಡುವೆ ಒಂದು ತಾಮ್ರದ ಎಳೆ, ಅದರ ಸುತ್ತ ಬಿಳಿ ಪ್ಲಾಸ್ಟಿಕ್ಕು, ಅದರ ಸುತ್ತ ಬೆಳ್ಳಿಬಣ್ಣದ ಜಾಲರಿ ಇರಬೇಕು. ಇಲ್ಲಿ ಕಪ್ಪು ಸಿಪ್ಪೆಯೊಳಗೆ ಒಂಟಿ ತಾಮ್ರದ ತಂತಿ. ಕೈಗೆ ತಾಗಿದ ಕ್ಷಣವೇ ಗೊತ್ತಾಯಿತು: ಇದು ರೇಡಿಯೋದ ಏರಿಯಲ್. ಲಲಿತಕ್ಕನ ಗಂಡ ಬದುಕಿದ್ದಾಗ ಟಾಂಕಿಯ ಹಿಂದಿನ ಕಂಬಕ್ಕೆ ಕಟ್ಟಿದ್ದು.

"ಝಾಲಂ?" ಆಯಿತಾ ಎಂದು ಜೋಶಿಯವರು ಕೇಳಿದರು.

ತುದಿಯನ್ನು ಮುಷ್ಟಿಯೊಳಗೆ ಮಡಿಸಿಕೊಂಡು, "ಝಾಲಂ" ಎಂದೆ.

ಪಾಂಡುರಂಗ ಆಂಪ್ಲಿಫೈಯರಿನ ಪಿನ್ನುಗಳನ್ನೆಲ್ಲ ಬಿಗಿ ಮಾಡಿ ಹೋದ. ಚಿತ್ರ ಸ್ವಲ್ಪ ಹೊಳಪಾಯಿತು. ನೆರಳು ಹೋಯಿತು ಎಂದು ಜೋಶಿಕಾಕು ಸಾರಿದರು. ನೋಡಲೇಬೇಕೆಂದು ಹಠ ಹಿಡಿದವರಿಗೆ ಏನು ಬೇಕಾದರೂ ಕಾಣಿಸುತ್ತದೆ. ಎರಡು ದಿನಕ್ಕೆ ಮತ್ತೆ ಸುದ್ದಿವಾಚಕಿಗೆ ಎರಡು ಮೂಗು. "ಆಜೀನಂ ಪರತ್ ಜೋಡಲಂ ವಾಟ್ತಂ" ಎಂದು, ಅಜ್ಜಿ ಮತ್ತೆ ಜೋಡಿಸಿಕೊಂಡಿರಬೇಕೆಂದು, ಮೆಟ್ಟಿಲಲ್ಲಿ ಗುಸುಗುಸು. ಆಮೇಲೆ ಗುಸುಗುಸು ದೊಡ್ಡದಾಯಿತು. ತರಕಾರಿ ಗಾಡಿಯ ಹತ್ತಿರ ಲಲಿತಕ್ಕ ಬಂದರೆ ಯಾರಾದರೂ ಒಬ್ಬರು ಕಳ್ಳ ಕನೆಕ್ಷನ್ನಿನ ಮಾತು ತೆಗೆಯುತ್ತಿದ್ದರು.

ಇತ್ತ ನಸುಕಿನಲ್ಲಿ ಗೋಡೆಯಾಚೆ ಬರೀ ಗರಗರ. ಮುಳ್ಳು ತಿರುಗಿಸುವ ಸದ್ದು, ಮತ್ತೆ ಗರಗರ, ಆಮೇಲೆ ಟಕ್ ಎಂದು ಬಂದ್. ನಾನು ಹಾಸಿಗೆಯಲ್ಲಿ ಕಣ್ಣುಬಿಟ್ಟುಕೊಂಡು ಮಲಗಿರುತ್ತಿದ್ದೆ.

ಒಂದು ಮಧ್ಯಾಹ್ನ ಅವರೇ ಬಂದು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತರು.

"ಶಕೂ, ಇವ್ರು ಎಂತ ಹೇಳುದು ನನ್ನ ಬಗ್ಗೆ? ನಾನು ಎಂತ ಕದ್ದೆ?"

"ಏನೋ ಕೇಬಲಿನ ವಿಷಯ ಲಲಿತಕ್ಕ. ನೀವು ತಲೆಗೆ ಹಾಕ್ಕೊಳ್ಬೇಡಿ."

"ಅಲ್ಲ ಮಾರಾಯ್ತಿ, ನನ್ನ ರೇಡಿಯೋದ ವಯರನ್ನು ಯಾರೋ ಮೇಲೆ ಕತ್ತರಿಸಿದ್ದಾರೆ. ಅವರು ಕಟ್ಟಿದ್ದು ಅದು. ಯಾರಿಗೆ ಎಂತ ತೊಂದರೆ ಮಾಡಿತ್ತು ಅದು?"

ಆಗಲೇ ಹೇಳಿಬಿಡಬಹುದಿತ್ತು. ನಾಲ್ಕು ಶಬ್ದದ ಮಾತು. ಬಾಯಿಂದ ಬಂದದ್ದು ಬೇರೆ: "ಪಾಂಡುರಂಗ ಲೈನ್ ಚೆಕ್ ಮಾಡುವಾಗ ಏನೋ ಮಾಡಿರ್ಬೇಕು."

ಲಲಿತಕ್ಕ ಪಾಂಡುರಂಗನನ್ನು ಮರುದಿನವೇ ಮೆಟ್ಟಿಲಲ್ಲಿ ಹಿಡಿದರು. ತಮ್ಮ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಚೆನ್ನಾಗಿ ಬೈದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನನ್ನು ಪಾಂಡುರಂಗ ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ. ಕೊನೆಗೆ ಲಲಿತಕ್ಕ, "ನನಗೆ ನಿಮ್ಮ ಕೇಬಲ್ಲೇ ಬೇಡ. ತೆಗ್ದುಹಾಕು. ಕಳ್ಳಿ ಅನ್ನಿಸಿಕೊಂಡು ನೋಡುವಂಥದ್ದು ಎಂತ ಉಂಟು ಅದರಲ್ಲಿ?" ಎಂದರು. ಅವನು ಅವರ ಮನೆಯ ಕನೆಕ್ಷನ್ ಬಿಚ್ಚಿ, ವಯರು ಸುತ್ತಿಕೊಂಡು ಹೋದ.

ಆ ಸಂಜೆಯೂ ನನ್ನ ಟಿವಿಯಲ್ಲಿ ಎರಡು ಮೂಗು ಹಾಗೇ ಇತ್ತು.

ಮೂರನೇ ಮಹಡಿಯಲ್ಲಿ ಈಗ ಉಳಿದದ್ದು ಒಂದೇ ಕಿಟಕಿ. ಅಡುಗೆಮನೆಗೆ ಹೋದೆ. ಪುಟ್ಟ ಟಿವಿ ಇದ್ದ ಜಾಗ ಖಾಲಿ. ಅದರ ಪಿಕ್ಚರ್ ಟ್ಯೂಬು ಹೋಗಿ ಗುಜರಿಯವನಿಗೆ ಕೊಟ್ಟು ತಿಂಗಳಾಗಿತ್ತು. ಆದರೆ ಅದಕ್ಕೆಂದು ಎಳೆದ ವಯರು ಗೋಧಿಹಿಟ್ಟಿನ ಡಬ್ಬಿಯ ಹಿಂದೆ ಹಾಗೇ ಇತ್ತು. ಉಳಿದ ಉದ್ದವನ್ನು ಕತ್ತರಿಸಿ ಹಾಳುಮಾಡುವುದು ಯಾಕೆಂದು ದೊಡ್ಡ ಸುರುಳಿಯಾಗಿ ಸುತ್ತಿ ಮೊಳೆಗೆ ನೇತುಹಾಕಿದ್ದೆ. ತುದಿ ಬೋಳು. ಕಾರ್ಖಾನೆಯ ಮೊದಲ ವಾರದಲ್ಲೇ ನಮಗೆ ಹೇಳಿಕೊಟ್ಟ ಪಾಠ: ಸಿಗ್ನಲ್ ಹೋಗುವ ವಯರಿನ ತುದಿಯಲ್ಲಿ ಅದನ್ನು ಕುಡಿಯಲು ಟಿವಿ ಇರಬೇಕು, ಇಲ್ಲವಾದರೆ ಅದು ಗೋಡೆಗೆ ಎಸೆದ ಚೆಂಡಿನಂತೆ ವಾಪಸು ಬರುತ್ತದೆ, ತಡವಾಗಿ ಬಂದ ಅದೇ ಚಿತ್ರ ಮೊದಲಿನದರ ಪಕ್ಕದಲ್ಲಿ ನೆರಳಾಗಿ ಬೀಳುತ್ತದೆ. ಪುಟ್ಟ ಟಿವಿ ಮನೆ ಬಿಟ್ಟ ಮೇಲೆಯೇ ನೆರಳು ಬಂದದ್ದು. ನಾನು ದಿನಗಳನ್ನು ಎಣಿಸಿಯೂ ಇರಲಿಲ್ಲ.

ಜಾಯಿಂಟ್ ಬಿಚ್ಚಿ ಲೈನನ್ನು ಮೊದಲಿನಂತೆ ಕೂಡಿಸಿದೆ. ಹೊರಗೆ ಬಂದು ನೋಡಿದರೆ ಸುದ್ದಿವಾಚಕಿಗೆ ದೇವರು ಕೊಟ್ಟ ಒಂದೇ ಮೂಗು. ಅಷ್ಟರಲ್ಲಿ ಕೆಳಗಿನಿಂದ ಜೋಶಿಕಾಕುವಿನ ದನಿ: "ಡಾಕ್ಟರ್! ಏಕದಮ್ ಕ್ಲಿಯರ್! ಬಘಾ, ಆಜೀಚಂ ಕನೆಕ್ಷನ್ ಕಾಢಲಂ ಆಣಿ ಲಗೇಚ್!" ಅಜ್ಜಿಯ ಕನೆಕ್ಷನ್ ತೆಗೆದದ್ದೇ ತಡ, ಸರಿಯಾಯಿತಂತೆ. ರಾತ್ರಿ ಊಟಕ್ಕೆ ಮೊದಲು ಅವರ ಮನೆಯಿಂದ ನನಗೆ ಒಂದು ಬಟ್ಟಲು ಶ್ರೀಖಂಡ ಬಂತು. ತಿಂದೆ. ಇದನ್ನೂ ಬರೆದುಬಿಡುತ್ತೇನೆ, ಚೆನ್ನಾಗಿಯೇ ಇತ್ತು.

ನಾಲ್ಕು ದಿನದ ಮೇಲೆ ಪಾಂಡುರಂಗ ಬಂದ. ನನ್ನ ಕಿಟಕಿಯ ಹತ್ತಿರ ಲೈನ್ ಮುಟ್ಟಿ ನೋಡಿ, ಹೊಸ ಟೇಪಿನ ಮೇಲೆ ಬೆರಳಾಡಿಸಿದ.

"ತಾಈ, ಇಲ್ಲಿ ಜಾಯಿಂಟ್ ಇದ್ದದ್ದು ನನಗೆ ಮೊದಲೇ ಗೊತ್ತಿತ್ತು" ಎಂದ ಹಿಂದಿಯಲ್ಲಿ. "ಡಾಕ್ಟರ್ ಎದುರು ನಾನೇನು ಹೇಳಲಿ ಅಂತ ಸುಮ್ಮನಿದ್ದೆ. ಆಫೀಸಿಗೂ ಹೇಳುವುದಿಲ್ಲ. ಆದರೆ ಆಜಿ ನಾನು ಕಂಡಾಗಲೆಲ್ಲ ಬಾಗಿಲು ಹಾಕಿಕೊಳ್ಳುತ್ತಾರೆ. ಮೊದಲು ನೀರು ಕೊಡದೆ ಕಳಿಸುತ್ತಿರಲಿಲ್ಲ."

ಇಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

ಅವತ್ತೇ ಸ್ಟೇಷನ್ ರಸ್ತೆಯಿಂದ ತಾಮ್ರದ ತಂತಿ ತಂದು, ಟೆರೇಸಿಗೆ ಹತ್ತಿ, ಏರಿಯಲನ್ನು ಹೊಸದಾಗಿ ಕಟ್ಟಿದೆ. ಆಮೇಲೆ ಲಲಿತಕ್ಕನ ಬಾಗಿಲು ಬಡಿದೆ. ಟಿವಿಯ ಮೇಲೆ ಹಳೆಯ ಸೀರೆಯ ತುಂಡು ಹೊದೆಸಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ: ಕತ್ತರಿಸಿದ್ದು ನಾನು, ಸುಳ್ಳು ಹೇಳಿದ್ದು ನಾನು, ನೆರಳು ನನ್ನ ಮನೆಯದು. ಹೇಳುತ್ತ ಅತ್ತೆ. ಅಳು ಬಂದದ್ದರಿಂದ ಅರ್ಧ ಕೆಲಸ ಮುಗಿಯಿತು ಎಂದೂ ಒಳಗೊಳಗೇ ಅನಿಸಿತ್ತು.

ಲಲಿತಕ್ಕ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಡಲಿಲ್ಲ.

"ಏರಿಯಲ್ ಕಟ್ಟಿದ್ದಿ, ಒಳ್ಳೆದಾಯ್ತು" ಎಂದರು. "ಆದ್ರೆ ನನ್ನ ಮುಂದೆ ಹೇಳಿದ್ರೆ ನಂಗೆ ಎಂತ ಸಿಕ್ತು? ನಾನು ಕಳ್ಳಿ ಅಲ್ಲ ಅಂತ ನಂಗೆ ಮೊದಲೇ ಗೊತ್ತುಂಟಲ್ಲ. ಗೊತ್ತಿಲ್ಲದವ್ರು ಕೆಳಗಿದ್ದಾರೆ. ಅವ್ರಿಗೆ ಹೇಳು."

"ಹೇಳ್ತೇನೆ ಲಲಿತಕ್ಕ."

"ಹೇಳಿ ಆದ ಮೇಲೆ ಬಾ."

ಹೇಳುತ್ತೇನೆ ಎಂದವಳು ಹದಿನೆಂಟು ದಿನ ಹೇಳಲಿಲ್ಲ. ಬೆಳಿಗ್ಗೆ ನಿರ್ಧಾರ ಮಾಡುವುದು, ಮೊದಲ ಮಹಡಿಯವರೆಗೆ ಇಳಿಯುವುದು, ಜೋಶಿಕಾಕು "ಕಾಯ್ ಡಾಕ್ಟರ್!" ಎಂದು ನಕ್ಕರೆ ಕೊತ್ತಂಬರಿ ಸೊಪ್ಪಿನ ರೇಟು ಕೇಳಿ ವಾಪಸು ಬರುವುದು. ನನಗೆ ಆಗ ಅರ್ಥವಾಯಿತು, ನಾನು ಲಲಿತಕ್ಕನನ್ನು ಕಳೆದುಕೊಂಡರೂ ಸಹಿಸಿಕೊಂಡೇನು, ಆ ಡಾಕ್ಟರ್ ಎಂಬ ಹೆಸರನ್ನಲ್ಲ. ಇಂಥದ್ದು ತನ್ನ ಬಗ್ಗೆ ತನಗೇ ಗೊತ್ತಾಗುವುದಿದೆಯಲ್ಲ, ಅದಕ್ಕಿಂತ ಬೇರೆಯವರ ಬೈಗುಳವೇ ವಾಸಿ.

ಸೊಸೈಟಿಯ ಸತ್ಯನಾರಾಯಣ ಪೂಜೆ ಬಂತು. ಕಾಂಪೌಂಡಿನಲ್ಲಿ ಶಾಮಿಯಾನ, ಹದಿನೈದು ಮನೆಯವರೂ ಇದ್ದರು. ಲಲಿತಕ್ಕ ಇಳಿದು ಬಂದಿರಲಿಲ್ಲ. ಪ್ರಸಾದ ಹಂಚುವ ಮೊದಲು ಜೋಶಿಯವರು ಮೈಕಿನಲ್ಲಿ ಯಾರ್‍ಯಾರಿಗೋ ಆಭಾರ ಹೇಳುತ್ತ, ಟಿವಿ ತೊಂದರೆ ನಿವಾರಿಸಿದ್ದಕ್ಕೆ ನಮ್ಮ ಡಾಕ್ಟರ್ ಎಂದು ನನ್ನ ಹೆಸರನ್ನೂ ತೆಗೆದರು. ಚಪ್ಪಾಳೆ ಬಿತ್ತು. ಇವರು ಕೂಡ ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಇವರಿಗೂ ನಾನು ಹೇಳಿರಲಿಲ್ಲ. ಆ ಸದ್ದು ಕಿವಿಗೆ ಬೀಳುತ್ತಲೇ ಎದ್ದೆ. ಮೈಕ್ ಇಸಿದುಕೊಂಡೆನೋ ಅವರೇ ಕೊಟ್ಟರೋ ನೆನಪಿಲ್ಲ.

ನನ್ನ ಮರಾಠಿ ಹರಕು. ಅಂದು ಇನ್ನೂ ಹರಿಯಿತು. "ಚೂಕ್ ಮಾಝೀ ಹೋತೀ. ಆಜೀಂಚೀ ನಾಹೀ," ತಪ್ಪು ನನ್ನದು, ಅಜ್ಜಿಯದಲ್ಲ ಎಂದೆ. ಕದ್ದು ಎಳೆದ ಜಾಯಿಂಟ್ ನನ್ನ ಅಡುಗೆಮನೆಯದು ಎಂದೆ. ರೇಡಿಯೋದ ತಂತಿ ಎಂದು ಕೈಗೆ ಗೊತ್ತಾದ ಮೇಲೂ ಸುಮ್ಮನಿದ್ದೆ ಎಂದೆ. ಪಾಂಡುರಂಗನ ಮೇಲೆ ಹಾಕಿದೆ ಎಂದೆ. ಇವರು ನೆಲ ನೋಡುತ್ತಿದ್ದರು. ಜೋಶಿಯವರು ಗಂಟಲು ಸರಿಮಾಡಿಕೊಂಡು, "ಬರಂ, ಪ್ರಸಾದ ಘ್ಯಾ," ಸರಿ, ಪ್ರಸಾದ ತಗೊಳ್ಳಿ ಎಂದರು. ಎರಡನೇ ಮಹಡಿಯ ಹೆಂಗಸೊಬ್ಬಳು ನಕ್ಕಳು. ಜೋಶಿಕಾಕು ನಗಲಿಲ್ಲ. ಪ್ರಸಾದದ ದೊನ್ನೆ ಹಿಡಿದು, ಸೊಂಟ ನೋವಿನ ಆ ಹೆಂಗಸು, ಒಬ್ಬರೇ ಮೂರು ಮಹಡಿ ಹತ್ತಿ ಹೋದರು. ಅವರು ಮೇಲೆ ಏನು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಹಳ ಹೊತ್ತು ಕೆಳಗೆ ಬರಲಿಲ್ಲ.

ಆಮೇಲೆ ನನ್ನನ್ನು ಟಿವಿಗೆಂದು ಯಾರೂ ಕರೆಯಲಿಲ್ಲ. ಡಾಕ್ಟರ್ ಎನ್ನುವುದೂ ನಿಂತಿತು. ನಾನು ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಲಲಿತಕ್ಕ ಮತ್ತೆ ತರಕಾರಿ ಗಾಡಿಗೆ ಬರತೊಡಗಿದರು. ಪಾಂಡುರಂಗನಿಗೆ ನೀರು ಕೊಟ್ಟದ್ದನ್ನೂ ಕಂಡೆ. ಕೇಬಲ್ಲು ಮಾತ್ರ ಮತ್ತೆ ಹಾಕಿಸಿಕೊಳ್ಳಲಿಲ್ಲ. ಹೇಳಿ ಆದ ಮೇಲೆ ಬಾ ಎಂದಿದ್ದರಲ್ಲ, ಹೋದೆ. ಚಾ ಕೊಟ್ಟರು, ಮಗಳ ಕೈಗೆ ಚಕ್ಕುಲಿ ಕೊಟ್ಟರು. ಆದರೆ ಅವರಾಗಿ ನನ್ನ ಹೊಸ್ತಿಲಲ್ಲಿ ಕೂರಲು ಬರುವುದು ನಿಂತಿತು. ಎರಡು ವರ್ಷಕ್ಕೆ ಮನೆ ಮಾರಿ ಘಣಸೋಲಿಗೆ, ಮಗಳ ಮನೆಗೆ ಹೋದರು.

ಕೆಲವು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದೆ. ಬಿದ್ದು ಕಾಲು ಮುರಿದುಕೊಂಡಿದ್ದಾರೆ ಎಂದು ಯಾರೋ ಹೇಳಿದ್ದರು. ಹೊಸ ಸೆಕ್ಟರಿನ ಏಳನೇ ಮಹಡಿ. ಬಾಗಿಲು ತೆರೆದದ್ದು ಕಾಲೇಜಿಗೆ ಹೋಗುವ ಮೊಮ್ಮಗಳು. ಲಲಿತಕ್ಕ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ತುಂಬ ಸೊರಗಿದ್ದರು. ನನ್ನನ್ನು ನೋಡಿ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕರು. "ಅಯ್ಯೋ, ಅಷ್ಟು ದೂರದಿಂದ ಬಂದ್ಯಾ? ಕೂತ್ಕೊ, ಕೂತ್ಕೊ" ಎಂದು ಮೊಮ್ಮಗಳ ಕಡೆ ತಿರುಗಿ, "ಇವ್ಳು ಡೊಂಬಿವ್ಲಿಯಲ್ಲಿ ನಮ್ಮ ಪಕ್ಕದ ಮನೆ" ಎಂದರು.

ಹುಡುಗಿ ನನ್ನನ್ನೇ ದಿಟ್ಟಿಸಿದಳು. "ಆಜೀ, ಯೇ ವೋ ಕೇಬಲ್‌ವಾಲೀ ಆಂಟಿ ಹೈ ಕ್ಯಾ?" ಆ ಕೇಬಲಿನ ಆಂಟಿ ಇವರೇನಾ ಎಂದು ಅಜ್ಜಿಯನ್ನು ಕೇಳಿದಳು.

ಲಲಿತಕ್ಕನ ನಗು ಅರ್ಧಕ್ಕೆ ನಿಂತಿತು. ಮೊಮ್ಮಗಳಿಗೆ ಕಣ್ಸನ್ನೆ ಮಾಡಲು ಹೋದರು. ಆಮೇಲೆ ನನ್ನತ್ತ ನೋಡಿದರು, ಪಾಪ, ತಾನೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

"ಹೌದು ಮಗಾ," ಎಂದೆ ನಾನು. "ಅವಳೇ."

ಹುಡುಗಿ ನೀರು ತರಲು ಒಳಗೆ ಹೋದಳು. ನಾನು ಮಂಚದ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಕಾಲು ಎಲ್ಲಿ ಮುರಿದದ್ದು ಎಂದು ಕೇಳಿದೆ.